ಎಡಿನ್‌ಬರೊ ಫ್ರಿಂಜ್‌ನಲ್ಲಿ ಆಯ್ಕೆ ಕಮಿಟಿನೇ ಇಲ್ವಂತೆ, ನಿಜಾನಾ?

ಪರದೆಹಿಂದೆ:
ಎಲ್ರಿಗೂ ನಮಸ್ಕಾರ. ನಾವೊಂದಿಷ್ಟು ಜನ ಸಂಬಳ ಗಿಂಬಳ ಏನೂ ಇಲ್ದೆ ವರ್ಷಕ್ಕೊಂದ್ಸಲ ಕಲಾ ಉತ್ಸವ ಮಾಡ್ತೀವಿ, ನಾಟಕ ಹಾಡು ಚಿತ್ರ ಎಲ್ಲಾ ಸೇರಿ ಮೂರು ದಿನ. ಈ ಸಲ ಮೀಟಿಂಗ್‌ನಲ್ಲಿ ದೊಡ್ಡ ರಾಮಾಯಣ ಆಗೋಯ್ತು. ಅರ್ಧ ಜನ ಆಯ್ಕೆ ಕಮಿಟಿ ಬೇಕೇ ಬೇಕು ಅಂತಾರೆ, ಇಲ್ದಿದ್ರೆ ಬಂದೋರೆಲ್ಲ ಸ್ಟೇಜ್ ಹತ್ತಿದ್ರೆ ಇಳಿಸೋರು ಯಾರು ಅಂತ. ಇನ್ನರ್ಧ ಜನ ಎಡಿನ್‌ಬರೊ ಫ್ರಿಂಜ್ ನೋಡ್ರಪ್ಪ, ಸ್ಕಾಟ್ಲೆಂಡಲ್ಲಿ ವರ್ಷಾ ವರ್ಷ ನಡೆಯೋ ಕಲಾ ಉತ್ಸವ, ಅದನ್ನ ವಾಲಂಟಿಯರ್‌ಗಳೇ ಕಟ್ಟಿದ್ದು, ಅಲ್ಲಿ ಯಾರೂ ಯಾರನ್ನೂ ಆಯ್ಕೆ ಮಾಡಲ್ಲ, ಆದ್ರೂ ಅಷ್ಟು ದೊಡ್ಡದಾಗಿಲ್ವಾ ಅಂತ ಕೂತಿದಾರೆ. ಇದು ಎಷ್ಟು ನಿಜ? ಆಯ್ಕೆ ಬೇಡ ಅಂತ ಯಾರು ಯಾವಾಗ ತೀರ್ಮಾನ ಮಾಡಿದ್ದು, ಸಂಬಳದ ಕೆಲಸದೋರು ಬಂದಿದ್ದು ಯಾವಾಗ? ಇತಿಹಾಸ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ಮುಂದಿನ ಮೀಟಿಂಗ್‌ಗೆ ಖಾಲಿ ಕೈಯಲ್ಲಿ ಹೋಗೋಕಾಗಲ್ಲ.

ಮೂರನೇಬೆಲ್:
ಆಯ್ಕೆ ಇಲ್ಲ ಅನ್ನೋದು ನಿಜ, ಆದ್ರೆ ಯಾರೋ ಮಹಾನುಭಾವರು ಕೂತು ಎಲ್ರಿಗೂ ಬಾಗಿಲು ತೆಗೀರಿ ಅಂದಿದ್ದಲ್ಲ. ಅಲ್ಲಿ ಬಾಗಿಲೇ ಇರ್ಲಿಲ್ಲ, ಇನ್ನು ತೆಗೆಯೋದೇನು ಮುಚ್ಚೋದೇನು.

1947ರ ಕಥೆ ಇದು. ಯುದ್ಧ ಆಗಷ್ಟೇ ಮುಗಿದಿತ್ತು, ರುಡಾಲ್ಫ್ ಬಿಂಗ್ ಅನ್ನೋರ ಮುಂದಾಳತ್ವದಲ್ಲಿ ಎಡಿನ್‌ಬರೊ ಅಂತರರಾಷ್ಟ್ರೀಯ ಉತ್ಸವ ಶುರುವಾಯ್ತು. ಆರ್ಕೆಸ್ಟ್ರಾ, ಆಪೆರಾ, ದೊಡ್ಡ ದೊಡ್ಡ ಹೆಸರು, ಎಲ್ಲಾ ಆಹ್ವಾನದ ಮೇಲೆ. ಅದೇ ಹೊತ್ತಿಗೆ ಕರೀದೇನೇ ಎಂಟು ತಂಡ ಬಂದ್ವು, ಆರು ಸ್ಕಾಟ್ಲೆಂಡಿನವು, ಎರಡು ಇಂಗ್ಲೆಂಡಿನವು. ಅದ್ರಲ್ಲೊಂದು ಸೂತ್ರದ ಗೊಂಬೆಯಾಟದ್ದು. ಇನ್ನೊಂದು ಪ್ರದರ್ಶನ ಅಂತೂ ಆ ಊರಲ್ಲೇ ಆಗಿದ್ದಲ್ಲ, ಸುಮಾರು 30 ಕಿ.ಮೀ. ಆಚೆ ಡನ್‌ಫರ್ಮ್‌ಲಿನ್ ಅನ್ನೋ ಊರಿನ ಹಳೇ ಚರ್ಚಲ್ಲಿ, ಮಧ್ಯಯುಗದ್ದೊಂದು ನೀತಿನಾಟಕ, ಅದನ್ನೂ ಲೆಕ್ಕಕ್ಕೆ ಹಿಡ್ಕೊಂಡೇ ಎಂಟು ಅನ್ನೋದು! ಇವ್ರಿಗೆ ಅಂತ ಒಂದು ಸಂಘ ಇಲ್ಲ, ಅಧ್ಯಕ್ಷರಿಲ್ಲ, ಹೆಸರೂ ಇಲ್ಲ. ಜಾತ್ರೆ ಎಲ್ಲೋ ಅಂಗಡಿ ಅಲ್ಲಿ, ಜನ ಸೇರಿದಾರೆ ಪತ್ರಿಕೆಯವ್ರೂ ಬಂದಿದಾರೆ, ನಾವೂ ಒಂದು ಹಾಲ್ ಹಿಡಿದು ಆಡೋಣ ಅಂತ ಬಂದೋರು ಅಷ್ಟೆ. ಫ್ರಿಂಜ್ ಅನ್ನೋ ಹೆಸರು ಬಂದಿದ್ದೂ ಮಾರನೇ ವರ್ಷ, ರಾಬರ್ಟ್ ಕೆಂಪ್ ಅಂತ ಒಬ್ರು ನಾಟಕಕಾರರು ಪತ್ರಿಕೆಗೆ ಬರೀತಾ ಅಧಿಕೃತ ಉತ್ಸವದ ಅಂಚಲ್ಲಿ ಏನೇನೋ ನಡೀತಿದೆ ಅನ್ನೋ ಅರ್ಥದಲ್ಲಿ ಆ ಪದ ಬಳಸಿದ್ರು, ಅದೇ ಅಂಟ್ಕೊಂಡ್ತು. ಸೀರೆ ಅಂಚು ಅಂತೀವಲ್ಲ ಅದೇ.

ನಿಮ್ಮ ಮೀಟಿಂಗ್‌ಗೆ ಬೇಕಾಗಿರೋದು ಇದಾದ್ಮೇಲಿಂದು. 1951ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಹುಡುಗ್ರು ಸೇರ್ಕೊಂಡು ಬಂದ ಕಲಾವಿದರಿಗೆ ಕಡಿಮೆ ದುಡ್ಡಿಗೆ ಊಟ, ಮಲಗೋಕೆ ಜಾಗ ಅಂತ ಒಂದು ವ್ಯವಸ್ಥೆ ಮಾಡಿದ್ರು. 1954ರಲ್ಲಿ ಅಲ್ಲಿಯದೇ ಒಂದು ಪ್ರಿಂಟಿಂಗ್ ಪ್ರೆಸ್‌ನವ್ರು ಎಲ್ಲಾ ತಂಡಗಳ ಶೋಗಳನ್ನ ಸೇರಿಸಿ ಒಂದೇ ಕಾರ್ಯಕ್ರಮ ಪಟ್ಟಿ ಅಚ್ಚು ಹಾಕಿದ್ರು. 1955ರಲ್ಲಿ ಮತ್ತೆ ಹುಡುಗ್ರೇ ಎಲ್ಲಾ ಶೋಗಳಿಗೂ ಒಂದೇ ಕಡೆ ಟಿಕೆಟ್ ಸಿಗೋ ಹಾಗೆ ಕೌಂಟರ್ ಹಾಕಿ ನೋಡಿದ್ರು, ಅದು ಲಾಸ್ ಆಯ್ತು. ಊಟ, ಹಾಸಿಗೆ, ಪಟ್ಟಿ, ಟಿಕೆಟ್. ಹನ್ನೊಂದು ವರ್ಷ ಹಿಂಗೇ ನಡೆದು 1958ರಲ್ಲಿ ತಂಡಗಳೇ ಸೇರಿ ಫ್ರಿಂಜ್ ಸೊಸೈಟಿ ಮಾಡ್ಕೊಂಡ್ರು, ಬರೋರಿಗೆ ಮಾಹಿತಿ ಕೊಡೋದು, ಕಾರ್ಯಕ್ರಮ ಪಟ್ಟಿ ಹಾಕೋದು, ಟಿಕೆಟ್ ಮಾರೋದು ಸೊಸೈಟಿ ಕೆಲಸ, ಯಾವ ಶೋ ಬರ್ಬೇಕು ಯಾವುದು ಬೇಡ ಅನ್ನೋದಕ್ಕೆ ಸೊಸೈಟಿ ಕೈ ಹಾಕಂಗಿಲ್ಲ ಅಂತ ಕಟ್ಟಳೆ. ಆಗ್ಲೇ ನಡೀತಿದ್ದನ್ನ ಕಾಗದದ ಮೇಲೆ ಬರ್ಕೊಂಡ್ರು ಅನ್ನಿ. ಸಂಬಳದ ವಿಷ್ಯಕ್ಕೆ ಬಂದ್ರೆ, 1969ರಲ್ಲಿ ಸೊಸೈಟಿ ಕಂಪನಿಯಾಗಿ ರಿಜಿಸ್ಟರ್ ಆಯ್ತು, ಜಾನ್ ಮಿಲಿಗನ್ ಅನ್ನೋರು ಪೂರ್ತಿ ಹೊತ್ತಿನ ಮ್ಯಾನೇಜರ್ ಥರ ಬಂದಿದ್ದು ಎಪ್ಪತ್ತರ ದಶಕದ ಶುರುವಲ್ಲಿ. ಅಂದ್ರೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಚ್ಚುಕಮ್ಮಿ ಪುಕ್ಕಟೆ ದುಡಿಮೆಯಲ್ಲೇ ನಡೆದಿದೆ.

ಗಲ್ಲಾಪೆಟ್ಟಿಗೆ:
1955ರ ಟಿಕೆಟ್ ಕೌಂಟರ್ ಲಾಸ್ ಆಯ್ತು ಅಂತ ಓದಿ ನಗು ತಡೆಯೋಕಾಗ್ಲಿಲ್ಲ ಸಾರ್, ಆ ಹುಡುಗ್ರ ಮೇಲೆ ಪಾಪ ಅನ್ನಿಸ್ತು ಕೂಡ. ನಾನು ಆರು ವರ್ಷ ಇಂಥದ್ದೇ ವಾಲಂಟಿಯರ್ ಉತ್ಸವದಲ್ಲಿ ಟಿಕೆಟ್‌ಗೆ ಕೂತಿದ್ದೆ. ಮೊದಲನೇ ವರ್ಷ ಎರಡು ಟೇಬಲ್ ಹಾಕಿದ್ವಿ, ಎರಡು ಟೇಬಲ್‌ಗೂ ಒಂದೊಂದು ಟಿಕೆಟ್ ಪುಸ್ತಕ, ಎರಡೂ ಪುಸ್ತಕದಲ್ಲಿ ನಂಬರ್ ಒಂದರಿಂದ ಶುರು! ಯಾರೂ ನೋಡೇ ಇಲ್ಲ. ಸಂಜೆ ಮೂರನೇ ಸಾಲಲ್ಲಿ ಒಂದೇ ಕುರ್ಚಿ ಹಿಡ್ಕೊಂಡು ಇಬ್ರು ಹಿರಿಯರು, ಇಬ್ರ ಕೈಲೂ 34. ಒಬ್ರಂತೂ ಕೂತ್ಕೊಳ್ಳೋಕೂ ಒಪ್ಲಿಲ್ಲ ಹೊರಗೆ ಹೋಗೋಕೂ ಒಪ್ಲಿಲ್ಲ, ನಾಟಕ ಪೂರ್ತಿ ಗೋಡೆಗೆ ಒರಗಿ ನಿಂತು ನೋಡಿ ಕೊನೇಲಿ ಬಂದು ಚೆನ್ನಾಗಿತ್ತಮ್ಮ ಅಂತ ಹೇಳಿ ಹೋದ್ರು, ನನಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ರಾತ್ರಿ ಬಿಸ್ಕತ್ ಡಬ್ಬಿ ಸುರಿದು ಎಣಿಸಿದ್ರೆ ಲೆಕ್ಕಕ್ಕಿಂತ ದುಡ್ಡು ಜಾಸ್ತಿ ಇತ್ತು, ಅದು ಕಮ್ಮಿ ಬರೋದಕ್ಕಿಂತ ದೊಡ್ಡ ತಲೆನೋವು, ಯಾರಿಗೆ ಚಿಲ್ರೆ ವಾಪಸ್ ಕೊಟ್ಟಿಲ್ಲ ಅಂತ ಹುಡುಕೋದು ಎಲ್ಲಿ?

ಪರದೆಹಿಂದೆ ಅವ್ರೇ, ಒಂದು ಮಾತು. ಆಯ್ಕೆ ಮಾಡೋ ಕೆಲಸಕ್ಕೆ ಯಾವಾಗ್ಲೂ ಹತ್ತು ಜನ ಕೈ ಎತ್ತುತಾರೆ. ಟಿಕೆಟ್ ಟೇಬಲ್‌ಗೆ ಎಷ್ಟು ಜನ ಎತ್ತುತಾರೆ ನೋಡಿ.

ಅಡ್ಡಮಾತು:
ಎಲ್ಲಾ ಸರಿ ಗುರೂ, ಆದ್ರೆ ಈ ಆಯ್ಕೆನೇ ಇಲ್ಲ ಅನ್ನೋದನ್ನ ಸ್ವಲ್ಪ ಉಪ್ಪು ಹುಳಿ ನೋಡಿ ತಗೊಳ್ಳಿ. ಮೊದಲನೇದು, ಸೊಸೈಟಿ ಕೈ ಹಾಕಲ್ಲ ಅಂದಿದ್ದು ನಿಜ, ಆದ್ರೆ ಆಗ ಬ್ರಿಟನ್‌ನಲ್ಲಿ ನಾಟಕಗಳಿಗೆ ಸರ್ಕಾರಿ ಸೆನ್ಸಾರ್ ಇತ್ತು, ಲಾರ್ಡ್ ಚೇಂಬರ್ಲಿನ್ ಕಚೇರಿ, ಅದು ಹೋಗಿದ್ದು 1968ರ ಕಾನೂನು ಬಂದ್ಮೇಲೆ. ಎರಡನೇದು, ಸೊಸೈಟಿ ಆಯ್ಕೆ ಮಾಡ್ದೇ ಇದ್ರೇನು, ಹಾಲ್‌ನವ್ರು ಮಾಡ್ತಾರಲ್ಲ. ಇವತ್ತು ಅಲ್ಲಿ ದೊಡ್ಡ ಹಾಲ್‌ಗಳೆಲ್ಲ ತಮಗೆ ಬೇಕಾದ ಶೋನ ತಾವೇ ಆರಿಸ್ಕೊಳ್ಳೋದು. ಬಾಡಿಗೆ, ಪ್ರಚಾರ, ಉಳಿಯೋ ಖರ್ಚು ಎಲ್ಲಾ ಕಲಾವಿದರ ತಲೆ ಮೇಲೆ, ಸಾಲ ಮಾಡ್ಕೊಂಡು ವಾಪಸ್ ಹೋಗೋರೂ ಇದಾರೆ. 2019ರಲ್ಲಿ 3,800ಕ್ಕೂ ಹೆಚ್ಚು ಶೋ, 30 ಲಕ್ಷದಷ್ಟು ಟಿಕೆಟ್, ಕೇಳೋಕೆ ಚಂದ. ಅಷ್ಟರ ಮಧ್ಯೆ ನಮ್ಮ ಶೋಗೆ ಇಂದು ನಾಲ್ಕೇ ಜನ ಬಂದ್ರು ಅಂದ್ರೆ ಯಾರನ್ನ ಬೈಯೋದು? ಕಮಿಟಿ ಇದ್ರೆ ಕಮಿಟಿನಾದ್ರೂ ಬೈಬಹುದಿತ್ತು :)

ಅದಕ್ಕೇ 1996ರಲ್ಲಿ ಪೀಟರ್ ಬಕ್ಲಿ ಹಿಲ್ ಅನ್ನೋ ಹಾಸ್ಯಗಾರ ಫ್ರೀ ಫ್ರಿಂಜ್ ಅಂತ ಶುರು ಮಾಡಿದ್ದು. ಕಲಾವಿದರು ಜಾಗಕ್ಕೆ ಬಾಡಿಗೆ ಕೊಡಂಗಿಲ್ಲ, ಜನ ಟಿಕೆಟ್ ತಗೊಳ್ಳಂಗಿಲ್ಲ, ಶೋ ಮುಗಿದ್ಮೇಲೆ ಬಾಗಿಲಲ್ಲಿ ಬಕೆಟ್ ಹಿಡ್ಕೊಂಡು ನಿಲ್ಲೋದು, ಇಷ್ಟ ಇದ್ದೋರು ಹಾಕಿ ಹೋಗ್ತಾರೆ. ಮೇಲಿನ ಕೆಲಸ ಎಲ್ಲಾ ತಾವೇ ಹಂಚ್ಕೊಂಡು ಮಾಡೋದು. ಅಂಚಿಗೆ ಮತ್ತೊಂದು ಅಂಚು ಹುಟ್ಕೊಂಡ ಹಾಗೆ.

ಮೂರನೇಬೆಲ್:
ಅಡ್ಡಮಾತು ಹೇಳಿದ್ದು ಒಪ್ತೀನಿ, ಸೆನ್ಸಾರ್ ವಿಷಯ ನಾನು ಬಿಟ್ಟೇಬಿಟ್ಟಿದ್ದೆ. ಅಂಚಿನ ಈ ಚಾಳಿ ಎಡಿನ್‌ಬರೊದ್ದು ಮಾತ್ರ ಅಲ್ಲ ಅನ್ನೋದನ್ನೂ ಸೇರಿಸಿ. ಫ್ರಾನ್ಸ್‌ನ ಅವಿನ್ಯೋನ್ ಉತ್ಸವನ ಜಾನ್ ವಿಲಾರ್ ಶುರು ಮಾಡಿದ್ದೂ ಅದೇ 1947ರಲ್ಲೇ, ಅಲ್ಲೂ 1966ರಲ್ಲಿ ಆಂದ್ರೆ ಬೆನೆದೆತ್ತೋ ಅನ್ನೋರು ಉತ್ಸವದ ಪಟ್ಟಿಯಲ್ಲಿ ಇಲ್ದೇನೇ ತಮ್ಮದೇ ಪುಟ್ಟ ಥಿಯೇಟರಲ್ಲಿ ಆಡಿದ್ರು, ಈಗದು 'ಆಫ್', ಅಂದ್ರೆ ಅಧಿಕೃತ ಉತ್ಸವದ ಹೊರಗಿನದು, ಅಂತಾನೇ ದೊಡ್ಡದಾಗಿ ಬೆಳೆದಿದೆ.

ಇನ್ನೊಂದು, ಮೀಟಿಂಗ್‌ನಲ್ಲಿ ಯಾರಾದ್ರೂ 1960ರ ಬಿಯಾಂಡ್ ದ ಫ್ರಿಂಜ್ (ಫ್ರಿಂಜ್‌ನ ಆಚೆ) ಅನ್ನೋ ಹಾಸ್ಯದ ಶೋ ಹೆಸರು ತೆಗೆದು ನೋಡಿ ಫ್ರಿಂಜಿಂದ ಎಂಥ ಶೋ ಬಂತು ಅಂದ್ರೆ ನಂಬಬೇಡಿ. ಅದನ್ನ ಹಾಕಿಸಿದ್ದು ಅಧಿಕೃತ ಉತ್ಸವದವ್ರೇ. ಅಂಚಿನವ್ರು ಹಾಸ್ಯದಲ್ಲಿ ಹೆಸರು ಮಾಡ್ತಿದಾರೆ, ನಾವು ಅವ್ರನ್ನೂ ಮೀರಿಸ್ತೀವಿ ಅಂತ ಹೆಸರಿಟ್ಟಿದ್ದು. ಹೆಸರು ಕೇಳಿ ಎಷ್ಟೋ ಜನ ಉಲ್ಟಾ ತಿಳ್ಕೊಂಡಿದಾರೆ, ನಾನೂ ಒಂದು ಕಾಲದಲ್ಲಿ.

ಪರದೆಹಿಂದೆ:
ತುಂಬಾ ಥ್ಯಾಂಕ್ಸ್, ಇಷ್ಟು ಸಿಗುತ್ತೆ ಅಂದ್ಕೊಂಡಿರ್ಲಿಲ್ಲ. ಮೀಟಿಂಗ್ ನಿನ್ನೆ ಮುಗೀತು. ಆಯ್ಕೆ ಕಮಿಟಿ ಮಾತು ಎತ್ತೋಕೆ ಮುಂಚೆ ಹೊರಗಿಂದ ಬರೋ ತಂಡದವ್ರು ರಾತ್ರಿ ಎಲ್ಲಿ ಮಲಗ್ತಾರೆ ಅಂತ ಕೇಳಿದೆ, ಎಲ್ಲಾ ಗಪ್‌ಚುಪ್. ಹೋದ ವರ್ಷ ಒಂದು ತಂಡ ಪರದೆ ಹಾಸ್ಕೊಂಡು ಸ್ಟೇಜ್ ಮೇಲೇ ಮಲಗಿತ್ತು ಅನ್ನೋದು ಆಗ ಹೊರಗೆ ಬಂತು, ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಈಗ ಅದಕ್ಕೆ ಮೂರು ಜನ ಒಪ್ಕೊಂಡಿದಾರೆ. ಆಯ್ಕೆ ಜಗಳ ಹಾಗೇ ಇದೆ, ಮುಂದಿನ ತಿಂಗಳಿಗೆ ಹೋಯ್ತು. ಟಿಕೆಟ್‌ಗೆ ಯಾರೂ ಕೈ ಎತ್ತಲಿಲ್ಲ, ನಾನೇ ಎತ್ತಿದೆ. ಗಲ್ಲಾಪೆಟ್ಟಿಗೆ ಮೇಡಂ, 34ನೇ ನಂಬರ್ ಎರಡು ಸಲ ಬರದೇ ಇರೋಕೆ ನೀವು ಆಮೇಲೆ ಏನ್ ಮಾಡಿದ್ರಿ?

ಗಲ್ಲಾಪೆಟ್ಟಿಗೆ:
ಕುರ್ಚಿ ನಂಬರೇ ತೆಗೆದು ಹಾಕಿದ್ವಿ, ಮೊದಲು ಬಂದೋರು ಮುಂದೆ ಕೂರೋದು. ಶೋಗೊಂದು ಬಣ್ಣದ ಟಿಕೆಟ್, ಹಾಲ್‌ನಲ್ಲಿ ಎಷ್ಟು ಕುರ್ಚಿ ಇದ್ಯೋ ಅಷ್ಟೇ ಟಿಕೆಟ್ ಎಣಿಸಿ ತರೋದು, ಒಂದೂ ಹೆಚ್ಚಿಗೆ ಬೇಡ. ಮತ್ತೆ ಚಿಲ್ರೆ ಹಿಂದಿನ ದಿನಾನೇ ತಂದಿಟ್ಕೊಳ್ಳಿ.