ಅಭಿಧಮನಿಯ ‘ಒತ್ತಡ’ವೋ, ‘ಅದುಮಿಕೆ’ಯೋ?

ಮಾನ್ಯರೆ,

ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯ ಬಗ್ಗೆ ರೋಗಿಗಳಿಗಾಗಿ ಬರೆದ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಮೇ-ಥರ್ನರ್ ಸಿಂಡ್ರೋಮ್’ ಎಂಬ ಭಾಗಕ್ಕೆ ಬಂದ ಮೇಲೆ, ‘ಕಂಪ್ರೆಶನ್’ ಎಂಬ ಒಂದೇ ಪದ ನನ್ನನ್ನು ಮೂರು ದಿನಗಳಿಂದ ಕಾಡುತ್ತಿದೆ.

ಬಲಗಾಲಿಗೆ ರಕ್ತ ಒಯ್ಯುವ ಅಪಧಮನಿಯು ಕಿಬ್ಬೊಟ್ಟೆಯ ಆಳದಲ್ಲಿ, ಎಡಗಾಲಿನ ರಕ್ತವನ್ನು ಹೃದಯದ ಕಡೆಗೆ ತರುವ ಅಭಿಧಮನಿಯನ್ನು ದಾಟಿ ಹೋಗುತ್ತದೆ. ಹಿಂದೆ ಸೊಂಟದ ಐದನೆಯ ಕಶೇರುಮಣಿ, ಮುಂದೆ ಸದಾ ಮಿಡಿಯುವ ಅಪಧಮನಿ. ಇವೆರಡರ ನಡುವೆ ಸಿಕ್ಕ ತೆಳುಗೋಡೆಯ ಅಭಿಧಮನಿ ಚಪ್ಪಟೆಯಾಗಿ (ಇದೇ ಮೂಲದ ‘ಕಂಪ್ರೆಶನ್’), ಹರಿವು ಮಂದವಾಗಿ, ಕೆಲವರಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎಡಗಾಲಿನಲ್ಲಿಯೇ ಇದು ಹೆಚ್ಚೆಂಬುದನ್ನು ಜರ್ಮನ್ ವೈದ್ಯ ವಿರ್ಚೊ 1851ರಲ್ಲೇ ಗಮನಿಸಿದ್ದರು. 1957ರಲ್ಲಿ ಮೇ ಮತ್ತು ಥರ್ನರ್ 430 ಶವಗಳನ್ನು ಪರೀಕ್ಷಿಸಿ, ಸುಮಾರು ಶೇ. 22ರಲ್ಲಿ ಆ ಜಾಗದ ಒಳಗೋಡೆ ಮುಳ್ಳಿನಂತೆ ದಪ್ಪಗಟ್ಟಿದ್ದನ್ನು ವಿವರಿಸಿದರು. ಹೀಗಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಬಸಿರು, ಬಾಣಂತನ, ಶಸ್ತ್ರಚಿಕಿತ್ಸೆಯ ನಂತರ ಬಹುದಿನ ಮಲಗಿರುವುದು ಇಂಥವು ಜೊತೆಗೂಡಿದಾಗ ಅಪಾಯ ಹೆಚ್ಚು.

ಮೊದಲ ಕರಡಿನಲ್ಲಿ ನಾನು ‘ಅಭಿಧಮನಿಯ ಮೇಲಿನ ಒತ್ತಡದಿಂದ ರಕ್ತ ಹೆಪ್ಪುಗಟ್ಟುತ್ತದೆ’ ಎಂದು ಬರೆದಿದ್ದೆ. ಅದನ್ನು ಓದಿದ ನಮ್ಮ ಚಿಕ್ಕಮ್ಮ, ‘ಹಾಗಾದ್ರೆ ಬಿ.ಪಿ. ಮಾತ್ರೆ ಸರಿಯಾಗಿ ತಗೊಂಡ್ರೆ ಇದು ಬರೋದಿಲ್ಲ ಅಲ್ವಾ?’ ಎಂದು ಕೇಳಿದರು. ತಪ್ಪು ಅವರದಲ್ಲ: ರಕ್ತದ ಮಾತಿನಲ್ಲಿ ‘ಒತ್ತಡ’ ಬಂದರೆ ಕನ್ನಡಿಗರ ಕಿವಿಗೆ ಅದು ರಕ್ತದೊತ್ತಡವೇ. ‘ಒತ್ತುವಿಕೆ’ ಎಂದು ತಿದ್ದಿದೆ. ಆದರೆ ‘ಕಾಲು ಒತ್ತು’ ಎಂದರೆ ನಮ್ಮಲ್ಲಿ ಸೇವೆ, ಉಪಚಾರ. ಹೆಪ್ಪುಗಟ್ಟಿದ ಕಾಲನ್ನು ತಿಕ್ಕಬಾರದು, ಒತ್ತಬಾರದು ಎಂದು ವೈದ್ಯರು ಎಚ್ಚರಿಸುವ ಪುಟದಲ್ಲೇ ಆ ಪದ ಕಾರಣವಾಗಿಯೂ ನಿಂತರೆ ಗೊಂದಲ ಖಂಡಿತ. ಚಿಕಿತ್ಸೆಯ ಬಿಗಿ ಕಾಲುಚೀಲಗಳಿಗೂ ಮೂಲದಲ್ಲಿ ‘ಕಂಪ್ರೆಶನ್’ ಎಂದೇ ಇರುವುದು ಸಾಲದ್ದಕ್ಕೆ ಇನ್ನೊಂದು ತೊಡಕು.

‘ಸಂಪೀಡನ’ ಭೌತಶಾಸ್ತ್ರದ ಪಠ್ಯಕ್ಕೆ ಸರಿ, ಹಾಸಿಗೆ ಹಿಡಿದವರಿಗೆ ಭಾರ. ‘ಹಿಸುಕು’ ಎಂದರೆ ಕೈಯೊಂದು ಕತ್ತಿನ ಮೇಲಿರುವ ನೆನಪು ಬರುತ್ತದೆ. ‘ಅಪ್ಪಚ್ಚಿ’ ಚಿತ್ರವನ್ನು ಸರಿಯಾಗಿ ಕಟ್ಟಿಕೊಟ್ಟರೂ ರೋಗಿಗಳ ಮುಂದೆ ಆಡುವ ಮಾತಲ್ಲ. ಕೊನೆಗೆ ಉಳಿದದ್ದು ‘ಅದುಮು’. ‘ಅಪಧಮನಿಯ ಅಡಿಯಲ್ಲಿ ಅದುಮಿಹೋದ ಅಭಿಧಮನಿ’ ಎಂದರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಕೂಡಲೇ ಕಾಣುತ್ತದೆ.

ಹೆಪ್ಪಿನ ವಿಷಯದಲ್ಲೂ ಒಂದು ಅನುಮಾನವಿದೆ. ಹಾಲಿಗೆ ನಾವು ಹಾಕುವುದು ಹೆಪ್ಪು, ಆಗುವುದು ಮೊಸರು. ಹೀಗಿರುವಾಗ ಗಟ್ಟಿಯಾದ ರಕ್ತದ ಮುದ್ದೆಯನ್ನೇ ‘ಹೆಪ್ಪು’ ಎನ್ನುವುದು ನನಗೆ ಒಗ್ಗುತ್ತಿಲ್ಲ. ‘ಹೆಪ್ಪುಗಟ್ಟು’ ಎಂಬ ಕ್ರಿಯಾಪದವನ್ನು ಉಳಿಸಿಕೊಂಡು, ಶ್ವಾಸಕೋಶಕ್ಕೆ ಸಾಗಬಲ್ಲ ಆ ಮುದ್ದೆಗೆ ಮಾತ್ರ ‘ಗರಣೆ’ ಎಂದು ಬರೆದಿದ್ದೇನೆ.

ನನ್ನ ಪ್ರಶ್ನೆಗಳು ಎರಡು. ನಿಮ್ಮ ಕಡೆ ‘ಅದುಮು’ ಕೂಡ ಕಾಲು ಒತ್ತುವುದಕ್ಕೆ ಬಳಕೆಯಲ್ಲಿದೆಯೆ? ‘ಗರಣೆ’ ಎಂದರೆ ಇಂದಿನ ಓದುಗರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆಯೆ?