ಹಳೆಯ ಬಾಗಲಕೋಟೆಯ ವಿಳಾಸ ಹಿಡಿದು ಹೆತ್ತ ತಾಯಿಯನ್ನು ಹುಡುಕಬಹುದೇ?

ಪ್ರಶ್ನೆ (ಬೆಳಗಾವಿ):
ನಾನು 1993ರಲ್ಲಿ ಹುಟ್ಟಿದವಳು. ಹಸುಗೂಸಾಗಿದ್ದಾಗಲೇ ಅನಾಥಾಲಯವೊಂದರಿಂದ ದತ್ತಕ ಬಂದು ಬೆಳಗಾವಿಯಲ್ಲಿ ಬೆಳೆದೆ. ಈಚೆಗೆ ಅವ್ವ ನ್ಯಾಯಾಲಯದ ಆದೇಶವನ್ನು ಟ್ರಂಕಿನಿಂದ ತೆಗೆದುಕೊಟ್ಟು, ಹುಡುಕುವುದಾದರೆ ತನ್ನ ಅಡ್ಡಿಯಿಲ್ಲ ಎಂದಳು. ಅದಕ್ಕೆ ಟಾಚಣಿ ಚುಚ್ಚಿದ್ದ ಮಾಸಿದ ಹಾಳೆಯಲ್ಲಿ ಒಂದು ಓಣಿಯ ಹೆಸರು, 'ಬಾಗಲಕೋಟ, ಜಿ. ಬಿಜಾಪುರ' ಎಂಬ ವಿಳಾಸ ಮತ್ತು ಕೆಳಗೆ ಯಾರದೋ ಹೆಬ್ಬೆಟ್ಟಿನ ಗುರುತು ಇವೆ. ಆ ಅನಾಥಾಲಯ ಈಗಿಲ್ಲ. ಅರ್ಜಿಯನ್ನು ಎಲ್ಲಿ ಕೊಡಬೇಕು? ಹೆತ್ತವರನ್ನು ಹುಡುಕಿದರೆ ಈ ಮನೆಯ ಹಕ್ಕು ಹೋಗುತ್ತದೆ ಎಂದು ಬಂಧುಗಳು ಹೆದರಿಸುತ್ತಿರುವುದು ನಿಜವೇ?

ಉತ್ತರ 1 (ವಿಜಯಪುರ, ವಕೀಲ):
ಬಂಧುಗಳ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಕ್ರಮಬದ್ಧವಾಗಿ ಆದ ದತ್ತಕವನ್ನು ಯಾರೂ ರದ್ದುಗೊಳಿಸಲಾರರು. ಹೆತ್ತವರು ಸಿಕ್ಕರೂ ನೀವು ಈ ಮನೆಯ ಮಗಳೇ. 2022ರ ದತ್ತು ನಿಯಮಾವಳಿಯಲ್ಲಿ ಮೂಲ ಹುಡುಕಾಟಕ್ಕೆ ಅವಕಾಶವಿದ್ದು, ವಯಸ್ಕರಾದ ನೀವು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನಾಗಲಿ ದತ್ತು ವಿಷಯಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ದೆಹಲಿಯ ಕಾರಾವನ್ನಾಗಲಿ ಸ್ವತಃ ಕೇಳಬಹುದು. ಮಗು ಬೀದಿಯಲ್ಲಿ ಸಿಕ್ಕಿದ್ದರೆ ಸಿಕ್ಕ ಜಾಗದ ಹೊರತು ಕಡತದಲ್ಲಿ ಹೆಚ್ಚೇನೂ ಇರುವುದಿಲ್ಲ; ಹೆಬ್ಬೆಟ್ಟಿದೆ ಎಂದಮೇಲೆ ನಿಮ್ಮನ್ನು ಯಾರೋ ಕೈಯಾರೆ ಒಪ್ಪಿಸಿರುವ ಸಂಭವವೇ ಹೆಚ್ಚು. ಆದರೆ ಗುರುತು ಮುಚ್ಚಿಡಿ ಎಂದು ತಾಯಿ ಆಗ ಕೇಳಿಕೊಂಡಿದ್ದರೆ ಈಗ ಆಕೆಯ ಲಿಖಿತ ಒಪ್ಪಿಗೆ ಬೇಕು. ಆಕೆ ಒಲ್ಲೆನೆಂದರೆ, ಯಾವ ಸಂದರ್ಭದಲ್ಲಿ ಮಗುವನ್ನು ಒಪ್ಪಿಸಲಾಯಿತು ಎಂಬುದನ್ನಷ್ಟೇ ನಿಮಗೆ ತಿಳಿಸುತ್ತಾರೆ.

ಉತ್ತರ 2 (ಬಾಗಲಕೋಟೆ, ನವನಗರ):
ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಾಗದಗಳು ವಿಜಯಪುರದಲ್ಲೇ ಉಳಿದಿರಬಹುದಾದ್ದರಿಂದ ಎರಡೂ ಜಿಲ್ಲೆಗಳ ಘಟಕಗಳಿಗೆ ಅರ್ಜಿ ಕೊಡಿ. ಇನ್ನು ಆ ಓಣಿ: ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಎಷ್ಟೋ ಓಣಿಗಳು ಹೋಗಿ, ಅಲ್ಲಿನ ಮಂದಿ ಇಲ್ಲಿ ನವನಗರದ ಸೆಕ್ಟರುಗಳಲ್ಲಿ ಚದುರಿಹೋಗಿದ್ದಾರೆ, ಅಕ್ಕಪಕ್ಕದ ಮನೆಯವರು ಈಗ ಅಕ್ಕಪಕ್ಕದಲ್ಲಿಲ್ಲ. ಮುಳುಗಡೆ ಪರಿಹಾರದ ಕಡತಗಳಲ್ಲಿ ಮನೆ ಮಾಲೀಕರ ಹೆಸರು ಸಿಗಬಹುದಾದರೂ ಬಾಡಿಗೆಗಿದ್ದವರ ಸುಳಿವು ಸಿಗುವುದು ಕಷ್ಟ. ಈ ಸಂಗತಿಯನ್ನು ಅರ್ಜಿಯಲ್ಲೇ ಬರೆಯಿರಿ, ಹೊಸಬ ಅಧಿಕಾರಿಗೆ ತಾನಾಗಿ ಹೊಳೆಯಲಿಕ್ಕಿಲ್ಲ.

ಉತ್ತರ 3 (ಜಮಖಂಡಿ):
ವಾಟ್ಸಾಪ್ ಗುಂಪುಗಳಲ್ಲಿ ಆ ಹಾಳೆಯ ಫೋಟೋ ಹರಿಬಿಡುವಂತೆ ಯಾರಾದರೂ ಹೇಳಿದರೆ ಕೇಳಬೇಡಿ. ಹೆತ್ತ ತಾಯಿಯ ಗಂಡನಿಗೂ ಮಕ್ಕಳಿಗೂ ಈ ವಿಷಯ ತಿಳಿಯದೇ ಇರಬಹುದು. ಮೊದಲ ಮಾತು ಅಧಿಕಾರಿಯ ಮೂಲಕ, ಆಕೆಗೊಬ್ಬಳಿಗೇ ತಲುಪಬೇಕು. ಅರ್ಜಿಗೆ ಆದೇಶದ ನಕಲನ್ನು ಲಗತ್ತಿಸಿ, ಸ್ವೀಕೃತಿಯ ಸಹಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ.