ಶೀಶ್ ಮಹಲ್ ಮತ್ತೆ ಕಟ್ಟಬೇಕಾ?

ವಾಟ್ಸಾಪ್ ಗುಂಪು: ನಮ್ಮ ಮನೆಯವರು, ಮುಂಬಯಿ

ರಮೇಶ್ ಮಾಮ: [ಫೋಟೋ]
‘ಮೊಘಲ್-ಎ-ಆಜಮ್’ ಸಿನಿಮಾದ ಶೀಶ್ ಮಹಲ್, ಅಂದರೆ ಕನ್ನಡಿ ಅರಮನೆ ನೋಡಿ. ಇಲ್ಲೇ ಅಂಧೇರಿಯ ಮೋಹನ್ ಸ್ಟುಡಿಯೋದಲ್ಲಿ ಹಾಕಿದ್ದ ಸೆಟ್. ಮುಗಿಸಲು ಎರಡು ವರ್ಷ ಹಿಡಿಯಿತಂತೆ. ಗಾಜು ಬೆಲ್ಜಿಯಂನಿಂದ ಬಂದಿತ್ತು. ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಅದೇ ಅಳತೆಗೆ ಮತ್ತೆ ಕಟ್ಟಿ ಜನರಿಗೆ ತೋರಿಸಬೇಕು. ಏನಂತೀರಿ?

ಗಿರೀಶ: ಬೇಡ ಮಾಮ. 150 ಅಡಿ ಉದ್ದ, 80 ಅಡಿ ಅಗಲ, 35 ಅಡಿ ಎತ್ತರ ಇತ್ತು ಅಂತ ಓದಿದ್ದೇನೆ. ಈ ಊರಿನಲ್ಲಿ ಅಷ್ಟು ಜಾಗಕ್ಕೆ ಬೇರೆ ಕೆಲಸ ಇಲ್ವಾ? ಸಿನಿಮಾ ಇದೆ, ನೋಡಿದರಾಯಿತು.

ಲಲಿತಾ ಅತ್ತೆ: ಸಿನಿಮಾ ಇದ್ದರೆ ಸಾಲದು ಗಿರೀಶ. 2017ರಲ್ಲಿ ನಮ್ಮ ಚೆಂಬೂರಿನ ಆರ್.ಕೆ. ಸ್ಟುಡಿಯೋಕ್ಕೆ ಬೆಂಕಿ ಬಿತ್ತಲ್ಲ, ಹಳೆಯ ಚಿತ್ರಗಳ ಉಡುಪುಗಳೆಲ್ಲ ಹೋದವು. ಆಮೇಲೆ ಜಾಗವೂ ಮಾರಾಟವಾಯಿತು. ಈಗ ಮಕ್ಕಳಿಗೆ ತೋರಿಸಲು ಏನಿದೆ?

ವಿದ್ಯಾ: ಅತ್ತೆ ಹೇಳಿದ್ದೇ ನನ್ನ ಮಾತು. ಇರುವುದನ್ನು ಮೊದಲು ಕಾಯಬೇಕು. ಮಾಮ, ಉಳಿಸಬೇಕು ಅನ್ನುವುದರಲ್ಲಿ ನಾನು ನಿಮ್ಮ ಕಡೆ. ಆದರೆ ಹೊಸದಾಗಿ ಕಟ್ಟಿದ್ದು ಎಷ್ಟೇ ಚೆನ್ನಾಗಿದ್ದರೂ ಆ ಕೆಲಸಗಾರರ ಕೈ ಅದರಲ್ಲಿ ಇರುವುದಿಲ್ಲ.

ಸೆಟ್ ಅಂದರೆ ಸಾಮಾನ್ಯವಾಗಿ ಮರದ ಚೌಕಟ್ಟು, ಅದಕ್ಕೆ ಹೊಡೆದ ಪ್ಲೈವುಡ್, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಬಣ್ಣ. ಚಿತ್ರೀಕರಣ ಮುಗಿಯುವವರೆಗೆ ನಿಂತರೆ ಸಾಕು ಅಂತ ಮಾಡಿದ್ದು. ಒಂದು ಮಳೆಗಾಲ ಕಳೆದರೆ ಗೆದ್ದಲು, ಬೂಷ್ಟು. ಕರ್ಜತ್‌ನ ಎನ್‌.ಡಿ. ಸ್ಟುಡಿಯೋದಲ್ಲಿ ‘ಜೋಧಾ ಅಕ್ಬರ್’ ಸೆಟ್ ವರ್ಷಗಟ್ಟಲೆ ನಿಂತಿತ್ತು. 2021ರ ಮೇ ತಿಂಗಳಲ್ಲಿ ಬೆಂಕಿಗೆ ಸುಟ್ಟಿತು.

ಹಾಗಾಗಿ ನನಗೆ ಬೇಕಾದದ್ದು ಯಾವುದಾದರೂ ಚಿತ್ರದ ಸೆಟ್‌ನ ಒಂದೇ ಒಂದು ಗೋಡೆ. ಆದರೆ ಅಸಲಿ ಗೋಡೆ, ಎರಡೂ ಕಡೆ ಕಾಣುವ ಹಾಗೆ. ಮುಂದೆ ಅರಮನೆ, ಹಿಂದೆ ಮೊಳೆ, ಗೋಡೆಗೆ ಆಸರೆ ಕೊಟ್ಟ ಮರದ ಕೋಲು, ಬಡಗಿ ಪೆನ್ಸಿಲ್‌ನಲ್ಲಿ ಬರೆದ ಅಳತೆ. ಪಕ್ಕದಲ್ಲಿ ನಕ್ಷೆಗಳು, ಸಣ್ಣ ಮಾದರಿ, ಸೆಟ್ ಹಾಕುವಾಗ ತೆಗೆದ ಫೋಟೋ. ಶೀಶ್ ಮಹಲ್‌ನಲ್ಲಿ ಕನ್ನಡಿಗಳು ದೀಪದ ಬೆಳಕನ್ನು ವಾಪಸ್ ಕ್ಯಾಮೆರಾಗೇ ಹೊಡೆಯುತ್ತಿದ್ದವು. ಛಾಯಾಗ್ರಾಹಕ ಆರ್.ಡಿ. ಮಾಥುರ್ ಅಲ್ಲಲ್ಲಿ ಬಟ್ಟೆ ಕಟ್ಟಿಸಿ, ಬೆಳಕು ಅದರಿಂದ ಮೆತ್ತಗೆ ತಿರುಗಿ ಬರುವ ಹಾಗೆ ಮಾಡಿದರು. ನೀವು ಕಟ್ಟಿಸುವ ಮಹಲಿನಲ್ಲಿ ಜನ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಈ ಬಟ್ಟೆಯ ವಿಷಯ ಅವರಿಗೆ ಯಾರು ಹೇಳುತ್ತಾರೆ?

ರಮೇಶ್ ಮಾಮ: ಒಂದು ಗೋಡೆ ನೋಡಲು ಯಾರಮ್ಮ ಬರುತ್ತಾರೆ? ರಾಮೋಜಿ ಫಿಲ್ಮ್ ಸಿಟಿಯಲ್ಲಿ ‘ಬಾಹುಬಲಿ’ ಸೆಟ್ ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಿಲ್ವಾ?

ವಿದ್ಯಾ: ಅದು ಅದೇ ಚಿತ್ರಕ್ಕೆ ಕಟ್ಟಿದ ಸೆಟ್ ಮಾಮ, ಕೆಡವದೆ ಇಟ್ಟರು. ನಾನು ಕೇಳುತ್ತಿರುವುದೂ ಅದನ್ನೇ. ಕೆಡವುವ ಮೊದಲು ಯೋಚಿಸಿ ಅಂತ. ನಮ್ಮ ಊರಿನ ಕಡೆ ನೋಡಿ. ‘ಮಾಲ್ಗುಡಿ ಡೇಸ್’ ತೆಗೆದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ಈಗ ಮ್ಯೂಸಿಯಂ. ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರೇ ಅದನ್ನು ಸಜ್ಜು ಮಾಡಿದರು. ರಾಮನಗರದಲ್ಲಿ ‘ಶೋಲೆ’ಗೆ ಒಂದು ಹಳ್ಳಿಯನ್ನೇ ಕಟ್ಟಿದ್ದರು. ಈಗ ಹೋದವರಿಗೆ ಸಿಗುವುದು ಬಂಡೆಗಳು ಮಾತ್ರ.

ಗಿರೀಶ: ಒಂದು ಗೋಡೆ, ನಕ್ಷೆ ಅಂದರೆ ನನ್ನ ತಕರಾರಿಲ್ಲ. ಪೆಡ್ಡರ್ ರೋಡಿನ ಸಿನಿಮಾ ಮ್ಯೂಸಿಯಂನಲ್ಲೇ ಇಡಬಹುದಲ್ವಾ? ಹೊಸ ಜಾಗ ಬೇಡ.

ವಿದ್ಯಾ: ಇಡಬಹುದು ಗಿರೀಶಣ್ಣ. ಆದರೆ ಕೊಡುವವರು ಬೇಕು. ಸೆಟ್ ಕಳಚುವ ದಿನವೇ ಒಂದು ತುಂಡನ್ನು ಎತ್ತಿಡಬೇಕು ಅಂತ ನಿರ್ಮಾಪಕರಿಗೆ ನಿಯಮ ಇರಬೇಕು. ಮರುದಿನ ಹೋದರೆ ಅದು ಇನ್ನೊಂದು ಸೆಟ್‌ಗೆ ಸೇರಿರುತ್ತದೆ.

ರಮೇಶ್ ಮಾಮ: ನಿಯಮ ಸರಿ. ಆದರೂ ಆ ಮಹಲಿನ ಒಳಗೆ ನಿಂತು ತಲೆ ಎತ್ತಿ ನೋಡುವ ಸುಖ ತುಂಡು ಗೋಡೆಯಲ್ಲಿ ಸಿಗುವುದಿಲ್ಲ. ನಾನು ಒಪ್ಪುವುದಿಲ್ಲ ವಿದ್ಯಾ.